ಕತ್ತರಿಸಿ ಹೋದ ಸಾಲುಗಳು

ಮರಾಠಿ ಸೀಮೆಯ ಹಿಂಜವಾಡಿಯಲ್ಲಿದ್ದ ನಮ್ಮ ಆಫೀಸಿನಲ್ಲಿ ಆಸ್ಪತ್ರೆಗಳ ದಾಖಲೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಸಾಫ್ಟ್‌ವೇರ್ ತಯಾರಾಗುತ್ತಿತ್ತು. ರೋಗಿಯ ವಿವರಗಳು ಎಕ್ಸ್‌ಎಂಎಲ್ ಎಂಬ ನಮೂನೆಯ ಫೈಲುಗಳಾಗಿ ಬರುತ್ತಿದ್ದವು. ನಮ್ಮ ಪ್ರೋಗ್ರಾಂ ಅವನ್ನು ಓದಿ ಮುಂದಿನ ವೈದ್ಯರಿಗೆ ತೋರಿಸುತ್ತಿತ್ತು. ಒಮ್ಮೆ ಯಾವುದೋ ಕೆಟ್ಟ ಫೈಲಿನಲ್ಲಿ ವಿಪರೀತ ಉದ್ದದ ಪಠ್ಯ ಬಂದು, ಮೆಮೊರಿ ತುಂಬಿ, ಸರ್ವರ್ ನಿಂತುಹೋಯಿತು. ಧಾರವಾಡದವರಾದ ನಮ್ಮ ತಂಡದ ಲೀಡ್ ಪಠ್ಯದ ಉದ್ದಕ್ಕೆ ಮಿತಿ ಹಾಕಿ ಕೋಡ್ ಬದಲಿಸಿದರು. ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಕೆಲಸ ನನಗೆ ಬಂತು.

ಮಿತಿ ಬೇಕೇ ಇತ್ತು. ಆದರೆ ಅದನ್ನು ಮೀರಿದ ಫೈಲನ್ನು ಪ್ರೋಗ್ರಾಂ ತಿರಸ್ಕರಿಸುತ್ತಿರಲಿಲ್ಲ. ಹೆಚ್ಚಾದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು. ಇಲ್ಲದ ರೋಗಿಯೊಬ್ಬಳ ಉದ್ದನೆಯ ವರದಿ ಬರೆದು ಕಳಿಸಿ ನೋಡಿದೆ. ಪೆನಿಸಿಲಿನ್ ಕೊಡಬಾರದು ಎಂದು ಕೊನೆಯಲ್ಲಿ ಬರೆದಿದ್ದ ಸಾಲು ಮಾಯವಾಗಿತ್ತು. ನಾನು ಒಪ್ಪಿಗೆ ಕೊಡಲಿಲ್ಲ.

ಲೀಡ್ ನನ್ನ ಮೇಜಿನ ಹತ್ತಿರ ಬಂದರು. "ಯಾಕ್ರಿ ಮೇಡಂ, ಏನ್ ತಪ್ಪದ ಅದರಾಗ?"

"ಮಿತಿ ಮೀರಿದ್ರೆ ಎರರ್ ಕೊಡ್ಬೇಕು ಸರ್. ಕಟ್ ಮಾಡಿದ್ದು ಡಾಕ್ಟರಿಗೆ ಗೊತ್ತೇ ಆಗಲ್ಲ."

"ಎರರ್ ಕೊಟ್ರ ಇಡೀ ಫೈಲ್ ವಾಪಸ್ ಹೋಗ್ತದ್ರಿ. ಅರ್ಧಾನಾದ್ರೂ ಸಿಗಲಿ ಅಂತ ಮಾಡೇನಿ. ಸರ್ವರ್ ಮತ್ತ ನಿಂತ್ರ ಯಾರಿಗೂ ಏನೂ ಸಿಗೂದಿಲ್ಲ."

ಅವರ ಮಾತೂ ಸುಳ್ಳಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ಮುಖ ಅವರದು. ಆದರೂ ನಾನು ಬಗ್ಗಲಿಲ್ಲ. ಸಂಜೆ ಕ್ಯಾಬ್ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಮೊಬೈಲ್ ನೋಡಿದೆ: ಲೀಡ್ ಬೇರೊಬ್ಬರಿಂದ ಒಪ್ಪಿಗೆ ಪಡೆದು ಬದಲಾವಣೆಯನ್ನು ಸರ್ವರಿಗೆ ಹಾಕಿಬಿಟ್ಟಿದ್ದರು. ಮೇಲಿನವರಿಗೆ ಮೇಲ್ ಬರೆದೆ. ಮುಂದಿನ ಸಲ ನೋಡೋಣ ಎಂದು ಉತ್ತರ ಬಂತು.

ಕೆಲವು ದಿನಗಳ ನಂತರ ಶಿರೂರಿನ ಕಡೆಯ ವೈದ್ಯೆಯೊಬ್ಬರು ಫೋನ್ ಮಾಡಿ, ವರದಿಯೊಂದು ವಾಕ್ಯದ ಮಧ್ಯದಲ್ಲೇ ನಿಂತಿದೆ ಎಂದರು. ಅವರು ಗಮನಿಸಿದ್ದರಿಂದ ಆ ರೋಗಿಗೆ ಏನೂ ಆಗಲಿಲ್ಲ. ಲೀಡ್ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು. "ನೀವು ಹೇಳಿದ್ದು ಖರೆ ಆತ್ರಿ. ಬರ್ರಿ, ಸರಿ ಮಾಡೂಣು."

ಕೋಡ್ ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೆ ಅಷ್ಟರಲ್ಲಿ ಇನ್ನೆಷ್ಟು ವರದಿಗಳು ತುಂಡಾಗಿದ್ದವೋ ಗುರುತೇ ಇರಲಿಲ್ಲ. ಇಬ್ಬರೂ ಆಸ್ಪತ್ರೆಗಳಿಗೆ ಫೋನ್ ಮಾಡುತ್ತ, ಫೈಲುಗಳನ್ನು ಮತ್ತೆ ಕಳಿಸಿ ಎಂದು ಮರಾಠಿಯಲ್ಲಿ ಬೇಡಿಕೊಂಡೆವು. ಕೆಲವರು ಕಳಿಸಿದರು. ಕೆಲವರು, ಈಗ ಯಾರು ಹುಡುಕುತ್ತಾರೆ ಎಂದು ಫೋನ್ ಇಟ್ಟರು. ಅವರ ರೋಗಿಗಳ ವಿಷಯ ನನಗೆ ಇಂದಿಗೂ ತಿಳಿಯದು.