ಬ್ಲೋವರಿನೊಳಗೆ ಕುಚ್ಚಲಕ್ಕಿ

ಇಬ್ರಾಹಿಂ, ನೀವು ಹಾಕಿಕೊಟ್ಟ ಮೋಟಾರಿನಲ್ಲಿ ದೋಷವಿರಲಿಲ್ಲ. ಅದನ್ನು ಕೆಡಿಸಿದವಳು ನಾನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳೂ ನಾನೇ.

ನಮ್ಮವರು ತೀರಿಕೊಂಡ ಮೇಲೆ ದಿನಾ ಮೊದಲ ತುತ್ತನ್ನು ಕಾಗೆಗೆ ಇಡುವುದು ನನ್ನ ರೂಢಿ. ಒಮಾನಿನ ಸಹಮ್‌ನ ಈ ಮನೆಯ ಗೋಡೆಯ ಮೇಲೆ ಬೆಕ್ಕುಗಳ ದರ್ಬಾರು. ಹಾಗಾಗಿ ಅಳಿಯನ ಹಳೇ ಪಿಕಪ್ಪಿನ ಮುಂದಿನ ಗಾಜಿನ ಬುಡದಲ್ಲಿ ಇಡುತ್ತಿದ್ದೆ. ಅಲ್ಲೊಂದು ಜಾಲರಿ. ಕಾಗೆ ಬಿಟ್ಟದ್ದು ಅದರೊಳಗೆ ಉದುರುತ್ತಿತ್ತು — ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿಕೊಂಡವಳಲ್ಲ.

ಗಾಡಿಯೊಳಗೆ ಗಾಳಿ ಊದುವ ಬ್ಲೋವರಿಗೆ ನೀವು ಹೊಸ ಮೋಟಾರ್ ಹಾಕಿ ತಿಂಗಳಾಗಿತ್ತಷ್ಟೆ. ಚಳಿಗಾಲದಲ್ಲಿ ಜಬಲ್ ಅಖ್ದರ್ ಬೆಟ್ಟ ಹತ್ತುವಾಗ ಹೀಟರಿನ ಬ್ಲೋವರ್ ಕರ್ರೆಂದು ಕೂಗಿ ನಿಂತಿತು. ಪುಟ್ಟ ಮೊಮ್ಮಗಳು ಗಡಗಡ ನಡುಗಿದಳು. ಅರ್ಧ ದಾರಿಯಿಂದಲೇ ವಾಪಸ್.

ಮರುದಿನ ಅಳಿಯ ಸುಧಾಕರ ಇಂಜಿನಿಯರನಾದ. ವಿಡಿಯೋ ನೋಡುತ್ತ ಫ್ಯೂಸ್ ಕಿತ್ತ, ಸ್ವಿಚ್ ಬಿಚ್ಚಿದ, ಡ್ಯಾಶ್‌ಬೋರ್ಡನ್ನೇ ಅರ್ಧ ಕಳಚಿದ. ತಿರುಗಿ ಜೋಡಿಸಿದಾಗ ನಾಲ್ಕು ಸ್ಕ್ರೂ ಕೈಯಲ್ಲೇ ಉಳಿದವು.

“ಇದೆಲ್ಲ ಎಕ್ಸ್‌ಟ್ರಾ ಕೊಟ್ಟಿರ್ತಾರೆ ಅತ್ತೆ.”

ಸೆರಗಿನಲ್ಲಿ ನಗು ಮುಚ್ಚಿಕೊಂಡೆ. ಅಷ್ಟು ಓದಿದ ತಲೆಗೆ — ಇರಲಿ.

ಆಮೇಲೆ ನಿಮ್ಮನ್ನು ಕರೆಸಿದ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೀವು ಮೋಟಾರ್ ಇಳಿಸಿದಿರಿ. ಫ್ಯಾನಿನ ರೆಕ್ಕೆಗಳ ನಡುವಿನಿಂದ ಒಣಗಿ ಕಲ್ಲಾದ ಅನ್ನ ಸುರಿಯಿತು. ಕೆಂಪು ಕುಚ್ಚಲಕ್ಕಿ.

“ಅಮ್ಮಾ, ಇದು ಗ್ಲಾಸಿನ ಹತ್ರದ ಜಾಲರಿಯಿಂದ ಬಿದ್ದದ್ದು. ಇಲ್ಲಿ ಯಾರಾದ್ರೂ ಅನ್ನ ಹಾಕ್ತಾರಾ?”

ಸತ್ಯ ನಾಲಿಗೆಯ ತುದಿಯಲ್ಲಿತ್ತು. ಆದರೆ ಕಾಗೆಯ ಅನ್ನವೆಂದರೆ ಗೇಲಿ ಮಾಡುವ ಅಳಿಯ ಎದುರಿಗೇ ನಿಂತಿದ್ದ. ಅವನನ್ನು ನೋಡಿ ಆಗಷ್ಟೇ ನಕ್ಕವಳು ನಾನು —

“ಅನ್ನವಾ? ನಾವು ಅನ್ನ ಬಿಸಾಡುವವರಲ್ಲ ಮಾರಾಯ್ರೆ.”

ಅಳಿಯನಿಗೆ ಅಷ್ಟೇ ಸಾಕಿತ್ತು. “ಕುಚ್ಚಲಕ್ಕಿ ನೀನೂ ತಿನ್ನುದೇ ಅಲ್ವಾ? ಮೋಟಾರ್ ಹಾಕುವಾಗ ನಿನ್ನ ಬುತ್ತಿಯದ್ದೇ ಬಿದ್ದಿರ್ಬೇಕು. ಖಲಾಸ್, ಹೋಗು.”

ನೀವು ನನ್ನನ್ನೇ ನೋಡಿದಿರಿ. ನಾನು ಕಾಗೆಯನ್ನು ನೋಡಿದೆ. ಅದು ತಂತಿಯ ಮೇಲೆ ಕೂತು ಊಟಕ್ಕೆ ಕಾಯುತ್ತಿತ್ತು.

ಊರವರ ಈ ವಾಟ್ಸಾಪ್ ಗುಂಪಿನಲ್ಲಿ ಅಳಿಯ ಅಂದೇ ಬರೆದ — ಇಬ್ರಾಹಿಂ ಕೆಲಸ ಬಾರದವ, ಮೇಲಿಂದ ಸುಳ್ಳು ಬೇರೆ, ಯಾರೂ ಗಾಡಿ ಕೊಡಬೇಡಿ. ಜನ ನಂಬಿದರು. ನಿಮ್ಮನ್ನು ಗುಂಪಿನಿಂದಲೂ ತೆಗೆದರು. ವರ್ಷ ತುಂಬುವ ಮೊದಲು ನೀವು ಗ್ಯಾರೇಜಿಗೆ ಬೀಗ ಹಾಕಿ ಬುರೈಮಿಗೆ ಹೋದಿರಿ, ಬೇರೆಯವರ ಕೈಕೆಳಗೆ ದುಡಿಯಲು.

ಅಳಿಯನನ್ನು ಪೆದ್ದನೆಂದು ಆರು ವರ್ಷ ಒಳಗೊಳಗೇ ಆಡಿಕೊಂಡೆ. ಪೆದ್ದನಿಗೆ ಸತ್ಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವನಿಗಿಂತ ಕಡೆ ನಾನು.

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಬರೆಯಲು ಕಲಿಸಿದಳು. “ಅಜ್ಜಿ, ಫಸ್ಟ್ ಗುಡ್ ಮಾರ್ನಿಂಗ್ ಫ್ಲವರ್ ಸೆಂಡ್ ಮಾಡು,” ಎಂದಳು. ಹೂವು ಕಳಿಸುವ ಮುದುಕಿಯರು ಇಲ್ಲಿ ಬೇಕಾದಷ್ಟಿದ್ದಾರೆ. ನಿಮ್ಮ ಹೆಸರು ಕೆಟ್ಟದ್ದು ಈ ಗುಂಪಿನಲ್ಲಿ. ಹಾಗಾಗಿ ಇಲ್ಲೇ ಬರೆದಿದ್ದೇನೆ. ಯಾರಾದರೂ ಇದನ್ನು ಬುರೈಮಿಗೆ ಮುಟ್ಟಿಸಿ. ಅಳಿಯನೂ ಓದುತ್ತಾನೆ — ಓದಲಿ.

ಆ ಅನ್ನ ನನ್ನದು.