ಕರೆಯದೆ ಹೋದ ಸಂದರ್ಶನ

ಗದಗ ಜಿಲ್ಲೆಯಾದ ಹೊಸತರಲ್ಲಿ ನಾನು ಮುಂಡರಗಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದೆ. ಪಕ್ಕದ ಮನೆಯ ಗೆಳತಿ ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದು ಅದೇ ಪದವಿ ಪಡೆದಳು. ಗದಗ-ಬೆಟಗೇರಿಯ ಬೀಜದ ಕಂಪನಿಯೊಂದು ಬೀಜ ಪರೀಕ್ಷೆಗೆ ಪದವೀಧರರು ಬೇಕೆಂದಾಗ ಇಬ್ಬರೂ ಕೂಡಿಯೇ ಅರ್ಜಿ ಹಾಕಿದೆವು. ಅಂಕ ನನ್ನವೇ ತುಸು ಹೆಚ್ಚು. ಕರೆ ಬಂದದ್ದು ಅವಳಿಗೆ. ಹಿಂದೆ ಹುಬ್ಬಳ್ಳಿಗೆ ಹಾಕಿದ ಅರ್ಜಿಗಳದೂ ಇದೇ ಕತೆ. ಧಾರವಾಡದ ಕಾಲೇಜೆಂದರೆ ಕರೆಯುತ್ತಾರೆ, ಮುಂಡರಗಿ ಎಂದರೆ ಬದಿಗಿಡುತ್ತಾರೆ ಎಂಬುದು ನಮ್ಮ ಓಣಿಗೆಲ್ಲ ತಿಳಿದುಹೋಗಿತ್ತು. ಗಾದಿ ಹೊಲಿಯುವ ಅಂಗಡಿ ಇಟ್ಟಿದ್ದ ಅಬ್ಬಾ, ನಿನ್ನನ್ನೂ ಧಾರವಾಡಕ್ಕೆ ಕಳಿಸಬೇಕಿತ್ತು ಎಂದು ಪೇಚಾಡಿಕೊಂಡರು. ನನಗೆ ಹಾಗನಿಸಿರಲಿಲ್ಲ. ಮನೆಯ ಊಟ ಬಿಟ್ಟು ಇರುವವಳು ನಾನಲ್ಲ.

ಸಂದರ್ಶನದ ಹಿಂದಿನ ಸಂಜೆ ಗೆಳತಿ ಬಂದಳು. "ನೀನೂ ನಡಿ. ಹೊರಗ ಕುಂಡ್ರಂತಿ. ಕರದ್ರ ಒಳಗ ಬಾ, ಇಲ್ಲಂದ್ರ ಬೆಟಗೇರ್ಯಾಗ ಸೀರಿ ನೋಡ್ಕೊಂಡು ಬರೂಣು" ಅಂದಳು. ಅಮ್ಮಿ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು.

ನಾನು ಆಫೀಸಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಹೋದವಳು ತನ್ನ ಸಂದರ್ಶನ ಮುಗಿಸಿ ಬಾಗಿಲಲ್ಲೇ ನಿಂತು ಕೈಬೀಸಿ ಕರೆದಳು. ನನಗಿಂತ ಜಾಣೆಯೊಬ್ಬಳು ಹೊರಗೆ ಕೂತಿದ್ದಾಳೆ, ಅವಳನ್ನೂ ಒಂದು ಮಾತು ಕೇಳಿರಿ ಎಂದು ಸಾಹೇಬರಿಗೆ ಹೇಳಿಬಂದಿದ್ದಳು.

ಸಾಹೇಬರು ನನ್ನ ಅಂಕಪಟ್ಟಿ ನೋಡಿ ಕೇಳಿದರು: "ಮುಂಡರಗಿ ಕಾಲೇಜಿನ್ಯಾಗ ಲ್ಯಾಬ್ ಐತೇನವಾ?"

"ಐತ್ರಿ. ಸೂಕ್ಷ್ಮದರ್ಶಕ ಮಾತ್ರ ಒಂದ ಇತ್ರಿ. ಪಾಳಿ ಹಚ್ಚಿ ನೋಡ್ತಿದ್ವಿ. ನನ್ನ ಪಾಳಿ ಬಂತಂದ್ರ ಜಲ್ದಿ ಬಿಡ್ತಿರಲಿಲ್ರಿ."

ಅವರು ನಕ್ಕರು. ಆಮೇಲೆ ಬೀಜ, ಮೊಳಕೆ, ಬೂಷ್ಟಿನ ಬಗ್ಗೆ ಬಹಳ ಹೊತ್ತು ಕೇಳಿದರು. ಗೊತ್ತಿದ್ದುದನ್ನು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆಂದೆ.

ಕೆಲಸ ಗೆಳತಿಗಾಯಿತು. ನನಗೆ ಮುಂದೆ ನೋಡೋಣ ಅಂದರು. ಆದರೂ ಬಸ್ಸಿನಲ್ಲಿ ಬರುವಾಗ ಮನಸ್ಸು ಹಗುರಾಗಿತ್ತು. ಕಡೆಗೂ ಯಾರೋ ನನ್ನನ್ನು ಕೂರಿಸಿ ಕೇಳಿದ್ದರು. ಮುಂಗಾರು ಬಿತ್ತನೆಗೆ ಮುಂಚೆ ಲಕ್ಷ್ಮೇಶ್ವರದಲ್ಲಿ ಅವರ ಶಾಖೆ ಶುರುವಾದಾಗ, ಸಾಹೇಬರು ಮತ್ತೆ ಅರ್ಜಿ ಕೇಳದೆ ನನ್ನನ್ನು ಕರೆಸಿಕೊಂಡರು. ಅಲ್ಲಿ ದೂರದ ಸಂಬಂಧದಲ್ಲಿ ಸೋದರತ್ತೆಯಾಗಬೇಕಾದ ಫೂಫಿಯೊಬ್ಬರ ಮನೆಯಲ್ಲಿ ಉಳಿದೆ. ಅವರ ಅಡುಗೆ ಅಮ್ಮಿಯದಕ್ಕಿಂತ ರುಚಿಯಾಗಿತ್ತು, ಅದನ್ನು ಮನೆಯಲ್ಲಿ ಹೇಳಲಿಲ್ಲ.

ಶನಿವಾರ ಸಂಜೆ ನಾನೂ ಗೆಳತಿಯೂ ಮುಂಡರಗಿಗೆ ಬಂದು ಅಬ್ಬಾನ ಅಂಗಡಿಯಲ್ಲಿ ಕೂರುತ್ತಿದ್ದೆವು. ಒದ್ದೆ ಬಟ್ಟೆಯಲ್ಲಿ ಕಡಲೆ ಮೊಳೆಯಿಸಿ ನೋಡುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಅಬ್ಬಾ ಪ್ರತಿಸಲ ಕೇಳುವರು, ಕೇಳಿ ಗಿರಾಕಿಗಳಿಗೂ ಹೇಳುವರು.