ದಾಕ್ಷಿಣ್ಯದ ಕೆಮ್ಮು

ನಮ್ಮ ಯಜಮಾನರ ಬಿಪಿಗೆ ಹೊಸ ಮಾತ್ರೆ ಸಿಕ್ಕಿದ್ದು ಸುಳ್ಯದ ಒಂದು ಆಸ್ಪತ್ರೆಯಲ್ಲಿ. ಹೊಸದೆಂದರೆ ಅಂಗಡಿಗೆ ಇನ್ನೂ ಬಾರದ್ದು. ಪರೀಕ್ಷೆಗೆಂದು ಕೆಲವರಿಗೆ ಕೊಟ್ಟು ನೋಡುತ್ತಿದ್ದರು. ಒಪ್ಪಿಗೆ ಪಡೆಯುವ ಮೊದಲು ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರಂತೆ. ಇವರು ತಲೆಯಾಡಿಸಿ ಬಂದಿದ್ದರು. ಏನು ಹೇಳಿದರು ಎಂದು ಕೇಳಿದರೆ, "ಒಳ್ಳೆ ಜನ ಮಾರಾಯ್ತಿ, ಚಾ ಕೊಟ್ಟರು" ಎಂದರು.

ತಿಂಗಳು ಕಳೆಯುವುದರೊಳಗೆ ಕೆಮ್ಮು ಶುರುವಾಯಿತು. ಕಫವಿಲ್ಲ, ಜ್ವರವಿಲ್ಲ, ಬರೀ ಒಣ ಕೆಮ್ಮು. ಅಡಿಕೆ ಸುಲಿದ ಧೂಳು ಎಂದರು, ಕಾಳುಮೆಣಸಿನ ಕಷಾಯ ಕುಡಿದರು, ಜೇನು ನೆಕ್ಕಿದರು. ಯಾವುದಕ್ಕೂ ಬಗ್ಗಲಿಲ್ಲ. ಇವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಮಾತಿನಿಂದ ಎದುರಾಳಿಯನ್ನು ಸೋಲಿಸಬೇಕು. ಉಪ್ಪಿನಂಗಡಿಯ ಕೂಟದಲ್ಲಿ ವಾದ ಏರುವ ಹೊತ್ತಿಗೆ ಕೆಮ್ಮು ಹತ್ತಿ, ಎದುರಾಳಿಯೇ ನೀರು ಕೊಟ್ಟು ಬೆನ್ನು ಸವರಿದರಂತೆ. ಅದಾದ ಮೇಲೆ ಯಾರು ಕರೆದರೂ "ತೋಟದಲ್ಲಿ ಕೆಲಸ ಉಂಟು" ಎನ್ನತೊಡಗಿದರು.

ನನಗೆ ಹೆದರಿಕೆಯಾದದ್ದು ಎಲೆತಟ್ಟೆ ನೋಡಿ. ಊಟವಾದ ಕೂಡಲೇ ಅದಕ್ಕೆ ಕೈ ಹಾಕುವವರು ವಾರದಿಂದ ಮುಟ್ಟಿರಲಿಲ್ಲ. ವೀಳ್ಯದೆಲೆ ಬಾಡಿ ಹೋಗಿತ್ತು. ಆಯುಷ್ಯವೆಲ್ಲ ಎಲೆಯಡಿಕೆ, ಹೊಗೆಸೊಪ್ಪು ಜಗಿದ ಬಾಯಿ ಅದು. ಕ್ಯಾನ್ಸರ್ ಎಂಬ ಯೋಚನೆ ನನ್ನ ತಲೆಯಲ್ಲಿದ್ದಂತೆ ಅವರ ತಲೆಗೂ ಹೊಕ್ಕಿದೆ ಎಂದು ಆಗ ಗೊತ್ತಾಯಿತು. 

ಮುಂದಿನ ತಪಾಸಣೆಗೆ ನಾನೂ ಬಸ್ಸು ಹತ್ತಿದೆ. ಡಾಕ್ಟರಮ್ಮ, "ಮಾತ್ರೆ ತಗೊಂಡ ಮೇಲೆ ಎಂತಾದ್ರೂ ತೊಂದರೆ ಉಂಟಾ?" ಎಂದು ಕೇಳಿದರು. ಇವರು ನೆಂಟರ ಮನೆಯ ಪಾಯಸ ಹೊಗಳುವವರ ಹಾಗೆ, "ಎಂತ ಇಲ್ಲ, ಎಂತ ಇಲ್ಲ, ಭಾರೀ ಒಳ್ಳೆದುಂಟು" ಎಂದರು. ಎಂದವರೇ ಕೆಮ್ಮಿದರು.

ನನಗೆ ಮೈಯೆಲ್ಲ ಉರಿಯಿತು. "ಮದುವೆ ಊಟಕ್ಕೆ ಬಂದದ್ದಾ ನೀವು? ಇದ್ದದ್ದು ಹೇಳುದಕ್ಕೆ ಎಂತ ದಾಡಿ?" ಎಂದು ಅವರ ಬಾಯಿ ಮುಚ್ಚಿಸಿ ಎಲ್ಲವನ್ನೂ ನಾನೇ ಹೇಳಿದೆ.

"ಅಷ್ಟು ಚಂದ ನೋಡಿಕೊಳ್ತಾರೆ, ಅವರ ಮಾತ್ರೆಯನ್ನೇ ದೂರುದು ಹೇಗೆ ಮಾರಾಯ್ತಿ?" ಎಂದು ಇವರು ಗೊಣಗಿದರು.

ಡಾಕ್ಟರಮ್ಮ ನಗಲಿಲ್ಲ. "ದೂರುದಕ್ಕೇ ನಿಮ್ಮನ್ನು ಕರೆದದ್ದು. ನೀವು ‘ಎಂತ ಇಲ್ಲ’ ಅಂದ್ರೆ, ನಾಳೆ ಇದನ್ನು ನುಂಗಿ ಕೆಮ್ಮುವವರು ಯಾರನ್ನು ಕೇಳುದು?" ಎಂದರು. ಈ ಬಗೆಯ ಮಾತ್ರೆಯಿಂದ ಕೆಲವರಿಗೆ ಒಣ ಕೆಮ್ಮು ಬರುವುದುಂಟೆಂದು ಮೊದಲ ದಿನವೇ ಹೇಳಿದ್ದರಂತೆ. ಆದರೂ ಗಂಟಲು ಪರೀಕ್ಷೆ ಮಾಡಿಸಿದರು, ಎದೆಯ ಎಕ್ಸ್‌ರೇ ತೆಗೆಸಿದರು. ಎರಡರಲ್ಲೂ ಏನೂ ಇರಲಿಲ್ಲ. ಆ ಮಾತ್ರೆ ನಿಲ್ಲಿಸಿ ಬೇರೆಯದು ಬರೆದುಕೊಟ್ಟರು. ಹೋದ ಜೀವ ಬಂದ ಹಾಗಾಯಿತು. ಹೊರಗೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಇವರು ಏನು ಮಾಡುವುದೆಂದು ತಿಳಿಯದೆ ನನ್ನ ಚೀಲ ಹಿಡಿದುಕೊಂಡು ನಿಂತಿದ್ದರು.

ಕೆಮ್ಮು ಮೆಲ್ಲಮೆಲ್ಲನೆ ಇಳಿದು ಹೋಯಿತು. ಕಳೆದ ಭಾನುವಾರ ಕುಂಬ್ರದಲ್ಲಿ ಕೂಟ. ಬಾಯಿ ತೆರೆದ ಇವರು ಮುಚ್ಚಲೇ ಇಲ್ಲ. ಭಾಗವತರು ತಾಳ ತಟ್ಟಿ ಸೂಚನೆ ಕೊಟ್ಟರು. ಸಂಘಟಕರು ಗಡಿಯಾರ ತೋರಿಸಿದರು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಕಡೆ ಬಾಗಿ, "ನಿಮ್ಮವರಿಗೆ ಸಾಕು ಅಂತ ಸನ್ನೆ ಮಾಡಿ ಮಾರಾಯ್ರೆ, ಊಟ ತಣಿತದೆ" ಎಂದರು. ಮದುವೆಯಾದಂದಿನಿಂದ ಮನೆಯಲ್ಲಿ ನಾನೇ ಹೇಳಿಕೊಂಡು ಬಂದ ಮಾತು ಅದು.

"ಮಾತಾಡಲಿ ಬಿಡಿ," ಎಂದೆ. "ನನಗೆ ಹಸಿವಿಲ್ಲ."